ಗ್ರಾಫಿಕ್ಸ್ ಕಾರ್ಡಿನ ತಲೆಯ ಮೇಲೆ ಗೂಬೆ

2024ರ ಆರಂಭದಲ್ಲಿ ಟೆಕ್ಕನ್ 8 ಬಿಡುಗಡೆಯಾದಾಗ ದಕ್ಷಿಣ ಕೊರಿಯಾದ ಗೇಮರ್‌ಗಳಿಂದ ಒಂದು ವಿಚಿತ್ರ ದೂರು ಕೇಳಿಬರತೊಡಗಿತು. ಆಟ ತೆರೆದ ಕೆಲವೇ ಕ್ಷಣಗಳಲ್ಲಿ ‘ವಿಡಿಯೊ ಮೆಮೊರಿ ಸಾಲದು’ ಎಂಬ ಸಂದೇಶ ಬಂದು ಎಲ್ಲವೂ ಮುಚ್ಚಿಕೊಳ್ಳುತ್ತಿತ್ತು. ಹೀಗೆ ಗೊಣಗುತ್ತಿದ್ದ ಯಂತ್ರಗಳಲ್ಲಿ 24 ಜಿಬಿ ಮೆಮೊರಿಯ ಆರ್‌ಟಿಎಕ್ಸ್ 4090 ಹಾಕಿದವೂ ಇದ್ದವು. ಆಗ ಅಂಗಡಿಯಲ್ಲಿ ಸಿಗುತ್ತಿದ್ದ ಅತಿ ದುಬಾರಿ ಗೇಮಿಂಗ್ ಕಾರ್ಡಿಗೇ ಮೆಮೊರಿ ಸಾಲದೆಂದರೆ ಇನ್ಯಾವುದಕ್ಕೆ ಸಾಕಾದೀತು? ಜನ ಡ್ರೈವರ್ ತೆಗೆದು ಹಾಕಿದರು, ಹಳೆಯದನ್ನು ತಂದು ಕೂರಿಸಿದರು, ಕಾರ್ಡನ್ನೇ ಬದಲಾಯಿಸಿಕೊಂಡು ಬಂದರು. ಸಂದೇಶ ಮಾತ್ರ ಬದಲಾಗಲಿಲ್ಲ.

ಏಪ್ರಿಲ್ ಹೊತ್ತಿಗೆ ಎನ್ವಿಡಿಯಾ ಕಂಪನಿಯೇ ಕೈ ಝಾಡಿಸಿ, ಇಂಥ ದೂರಿದ್ದವರು ಇಂಟೆಲ್ ಅನ್ನು ಕೇಳಿ ಎಂದಿತು. ಅದು ಜಾರಿಕೊಳ್ಳುವ ಮಾತಾಗಿರಲಿಲ್ಲ. ತಪ್ಪು ಇದ್ದದ್ದು ಇಂಟೆಲ್‌ನ 13 ಮತ್ತು 14ನೇ ತಲೆಮಾರಿನ ಪ್ರೊಸೆಸರ್‌ಗಳಲ್ಲಿ, ಅದರಲ್ಲೂ ಮೇಲ್ದರ್ಜೆಯ 13900ಕೆ, 14900ಕೆಯಂಥವುಗಳಲ್ಲಿ. ಇಂದಿನ ದೊಡ್ಡ ಆಟಗಳು ಶುರುವಾಗುವ ಮುನ್ನ ಶೇಡರ್ ಎಂಬ ಪುಟ್ಟ ಪುಟ್ಟ ಪ್ರೋಗ್ರಾಂಗಳನ್ನು ಬಿಚ್ಚಿ, ಕಾರ್ಡಿಗೆ ಅರ್ಥವಾಗುವ ಹಾಗೆ ಅಣಿ ಮಾಡಿಕೊಳ್ಳುತ್ತವೆ. ಆ ಕೆಲಸ ನಡೆಯುವುದು ಪ್ರೊಸೆಸರಿನಲ್ಲಿ, ಅದೂ ಎಲ್ಲ ಕೋರ್‌ಗಳೂ ಒಟ್ಟಿಗೆ ದುಡಿಯುತ್ತ. ಅಲ್ಲಿ ಒಂದು ಲೆಕ್ಕ ತಪ್ಪಿದರೆ ಬಿಚ್ಚಿದ ಮಾಹಿತಿ ಕೆಟ್ಟಿರುತ್ತದೆ. ಅದನ್ನು ಕಂಡ ಆಟಕ್ಕೆ ತೋಚುವ ಕಾರಣ ಒಂದೇ: ಮೆಮೊರಿ ಸಿಗಲಿಲ್ಲ. ಪ್ರೊಸೆಸರಿನ ವೇಗವನ್ನು ಕೊಂಚ ಇಳಿಸಿದರೆ ಆಟ ಸರಾಗವಾಗಿ ನಡೆಯುತ್ತಿತ್ತು. ಗುಟ್ಟು ಹೊರಬಿದ್ದದ್ದು ಹಾಗೆ.

ಜುಲೈನಲ್ಲಿ ಇಂಟೆಲ್ ಒಪ್ಪಿಕೊಂಡಿತು. ಪ್ರೊಸೆಸರನ್ನು ಒಳಗಿನಿಂದ ನಡೆಸುವ ಮೈಕ್ರೋಕೋಡ್ ಬೇಕಾದದ್ದಕ್ಕಿಂತ ಹೆಚ್ಚು ವೋಲ್ಟೇಜ್ ಕೇಳುತ್ತಿತ್ತು. ಹೆಚ್ಚಿನ ವೋಲ್ಟೇಜ್ ಮತ್ತು ಬಿಸಿ ಸೇರಿ ಒಳಗಿನ ಗಡಿಯಾರ ಸರ್ಕ್ಯೂಟ್ ದಿನದಿಂದ ದಿನಕ್ಕೆ ಸವೆಯುತ್ತಿತ್ತು. ಆಗಸ್ಟ್‌ನಲ್ಲೊಂದು, ಸೆಪ್ಟೆಂಬರ್‌ನಲ್ಲೊಂದು ತಿದ್ದುಪಡಿ ಬಂತು. ವಾರಂಟಿಯೂ ಎರಡು ವರ್ಷ ಹೆಚ್ಚಾಯಿತು. ಆಗಲೇ ಸವೆದು ಹೋಗಿದ್ದ ಚಿಪ್ಪುಗಳನ್ನು ಮಾತ್ರ ಯಾವ ತಿದ್ದುಪಡಿಯೂ ಸರಿಮಾಡಲಾರದು. ಅಷ್ಟರೊಳಗೆ ಏನೂ ಕೆಡದ ಎಷ್ಟೋ ಗ್ರಾಫಿಕ್ಸ್ ಕಾರ್ಡುಗಳು ಸರ್ವಿಸ್ ಸೆಂಟರಿನ ಮೆಟ್ಟಿಲು ಹತ್ತಿ ಇಳಿದಿದ್ದವು.

ಗೂಬೆ ಯಾವಾಗಲೂ ಕಾರ್ಡಿನ ತಲೆಯ ಮೇಲೇ ಕೂರುವುದಕ್ಕೆ ಒಂದು ಕಾರಣವಿದೆ. ಡೆಸ್ಕ್‌ಟಾಪಿನಲ್ಲಿ ಏನೇ ಎಡವಟ್ಟಾದರೂ ನಮಗೆ ಕಾಣುವುದು ಪರದೆಯಲ್ಲಿ, ಪರದೆಯನ್ನು ತುಂಬುವುದು ಕಾರ್ಡು. ಕ್ಯಾಬಿನೆಟ್ಟಿನೊಳಗೆ ಅತಿ ಹೆಚ್ಚು ವಿದ್ಯುತ್ ಕುಡಿಯುವುದೂ ಅದೇ, ಅತಿ ಹೆಚ್ಚು ಕಾಯುವುದೂ ಅದೇ. ವಿದ್ಯುತ್ ಪೂರೈಸುವ ಎಸ್‌ಎಂಪಿಎಸ್ ಸೋತರೆ, ರ‍್ಯಾಮ್ ತಪ್ಪಿದರೆ, ಮನೆಯ ಕರೆಂಟು ಕುಣಿದರೆ ಮೊದಲು ಮುಗ್ಗರಿಸುವುದು ಅದೇ.

ಮುಗ್ಗರಿಸಿದಾಗ ವಿಂಡೋಸ್ ಮಾಡುವುದೇನು? ಎಕ್ಸ್‌ಪಿ ಕಾಲದಲ್ಲಿ ಹೆಚ್ಚೇನೂ ಮಾಡುತ್ತಿರಲಿಲ್ಲ. ಕಾರ್ಡು ಹ್ಯಾಂಗ್ ಆದರೆ ಸಾಮಾನ್ಯವಾಗಿ ಇಡೀ ಯಂತ್ರ ಕಲ್ಲಾಗುತ್ತಿತ್ತು, ಪವರ್ ಬಟನ್ ಒತ್ತಿ ಹಿಡಿಯುವುದೊಂದೇ ದಾರಿ. 2007ರ ಜನವರಿಯಲ್ಲಿ ಮಾರುಕಟ್ಟೆಗೆ ಬಂದ ವಿಸ್ಟಾ ಒಂದು ಕಾವಲು ವ್ಯವಸ್ಥೆಯನ್ನು ತಂದಿತು. ಕಾರ್ಡಿಗೆ ಕೊಟ್ಟ ಕೆಲಸಕ್ಕೆ ಎರಡು ಸೆಕೆಂಡಿನೊಳಗೆ ಉತ್ತರ ಬರದಿದ್ದರೆ ವಿಂಡೋಸ್ ಡ್ರೈವರನ್ನು ಕೆಡವಿ ಮತ್ತೆ ಎಬ್ಬಿಸುತ್ತದೆ. ಪರದೆ ಒಮ್ಮೆ ಕಪ್ಪಾಗಿ ಮರಳುವುದು, ‘ಡಿಸ್‌ಪ್ಲೇ ಡ್ರೈವರ್ ಸ್ಪಂದಿಸುವುದನ್ನು ನಿಲ್ಲಿಸಿತ್ತು, ಈಗ ಚೇತರಿಸಿಕೊಂಡಿದೆ’ ಎಂಬ ಹಳೆಯ ಬಲೂನು ಸಂದೇಶ, ಇವೆಲ್ಲ ಅದರದೇ ಕೆಲಸ. ಇದಕ್ಕೆ ಟಿಡಿಆರ್ ಎಂದು ಹೆಸರು. ಒಂದು ನಿಮಿಷದೊಳಗೆ ಐದಕ್ಕಿಂತ ಹೆಚ್ಚು ಸಲ ಹೀಗಾದರೆ ವಿಂಡೋಸ್ ಪ್ರಯತ್ನ ಬಿಟ್ಟು ನೀಲಿ ಪರದೆ ತೋರಿಸುತ್ತದೆ.

ಗಮನಿಸಬೇಕಾದ್ದು ಇಲ್ಲೇ. ಟಿಡಿಆರ್ ಹೇಳುವುದು ‘ಎರಡು ಸೆಕೆಂಡು ಉತ್ತರ ಬರಲಿಲ್ಲ’ ಎಂದಷ್ಟೆ. ಯಾಕೆ ಬರಲಿಲ್ಲ ಎಂಬುದು ಅದಕ್ಕೂ ಗೊತ್ತಿಲ್ಲ. ನೀಲಿ ಪರದೆಯಲ್ಲಿ ಎನ್ವಿಡಿಯಾದ್ದೋ ಎಎಂಡಿಯದ್ದೋ ಡ್ರೈವರ್ ಫೈಲಿನ ಹೆಸರು ಕಂಡ ಕೂಡಲೇ ‘ಡ್ರೈವರ್ ಹೋಗಿದೆ’ ಎಂದು ತೀರ್ಮಾನಿಸುವುದು, ಠಾಣೆಗೆ ಬಂದು ದೂರು ಕೊಟ್ಟವನನ್ನೇ ಲಾಕಪ್ಪಿಗೆ ತಳ್ಳಿದ ಹಾಗೆ.

ಹಾಗೆಂದು ಡ್ರೈವರ್‌ಗಳೇನು ಸಾಧುಗಳಲ್ಲ. ವಿಸ್ಟಾ ಕುರಿತು ಅಮೆರಿಕದಲ್ಲಿ ನಡೆದ ಮೊಕದ್ದಮೆಯೊಂದರಲ್ಲಿ ಮೈಕ್ರೋಸಾಫ್ಟ್‌ನ ಒಳಗಿನ ಇಮೇಲ್‌ಗಳು 2008ರಲ್ಲಿ ಬಹಿರಂಗವಾದವು. 2007ರಲ್ಲಿ ದಾಖಲಾದ ವಿಸ್ಟಾ ಕ್ರ್ಯಾಶ್‌ಗಳ ಪೈಕಿ ಶೇ 28.8ರಷ್ಟು ಎನ್ವಿಡಿಯಾ ಡ್ರೈವರ್‌ಗಳ ಲೆಕ್ಕಕ್ಕೆ ಬಿದ್ದಿದ್ದವು. ಮೈಕ್ರೋಸಾಫ್ಟ್‌ನ ಸ್ವಂತ ಪಾಲು ಸುಮಾರು ಶೇ 18, ಆಗ ಎಟಿಐ ಹೆಸರಿನಲ್ಲಿದ್ದ ಎಎಂಡಿ ಕಾರ್ಡುಗಳದ್ದು ಶೇ 9ರ ಆಸುಪಾಸು. ವಿಂಡೋಸ್ ಒಳಗಿನ ಗ್ರಾಫಿಕ್ಸ್ ಅಡಿಪಾಯವನ್ನೇ ಬದಲಾಯಿಸಿದ್ದರಿಂದ ಕಾರ್ಡ್ ಕಂಪನಿಗಳು ಹೊಸ ಡ್ರೈವರನ್ನು ತಳದಿಂದ ಬರೆಯಬೇಕಾಗಿ ಬಂದಿತ್ತು. ಬಳಕೆದಾರರು ಮಾತ್ರ ಎಲ್ಲ ಶಾಪವನ್ನೂ ವಿಸ್ಟಾಕ್ಕೇ ಹಾಕಿದರು!

ಡ್ರೈವರ್ ಎಂದರೆ ಪರದೆಗೆ ಬಣ್ಣ ಕಳಿಸುವ ತುಣುಕು ಸಾಫ್ಟ್‌ವೇರ್ ಎಂದುಕೊಂಡರೆ ತಪ್ಪು. ಫ್ಯಾನಿನ ವೇಗ, ವೋಲ್ಟೇಜ್, ಎಲ್ಲಿಂದ ಎಷ್ಟು ವಿದ್ಯುತ್ ಎಳೆಯಬೇಕು ಎಂಬುದರ ಮೇಲೂ ಅದರ ಕೈಯಿದೆ. 2010ರ ಮಾರ್ಚ್‌ನಲ್ಲಿ ಎನ್ವಿಡಿಯಾ ಬಿಟ್ಟ 196.75 ಎಂಬ ಡ್ರೈವರ್ ಕೆಲವು ಕಾರ್ಡುಗಳಲ್ಲಿ ಫ್ಯಾನಿನ ನಿಯಂತ್ರಣವನ್ನೇ ತಪ್ಪಿಸಿತು. ಕಾರ್ಡುಗಳು ಕಾದು ಕೆಂಡವಾದ ದೂರುಗಳು ಬಂದ ಮೇಲೆ ಕಂಪನಿ ಅದನ್ನು ಹಿಂದಕ್ಕೆ ಪಡೆಯಿತು. ಐದು ವರ್ಷ ಬಿಟ್ಟು, 2015ರ ನವೆಂಬರ್‌ನಲ್ಲಿ, ಎಎಂಡಿ ಬಹಳ ಸಡಗರದಿಂದ ತಂದ ಕ್ರಿಮ್ಸನ್ ಡ್ರೈವರ್ ಅದೇ ಎಡವಟ್ಟು ಮಾಡಿಕೊಂಡಿತು. ಫ್ಯಾನ್ ಮೇಲಕ್ಕೇರದೆ ಅಂಟಿಕೊಂಡಿತು, ತರಾತುರಿಯಲ್ಲಿ ತೇಪೆ ಹಾಕಬೇಕಾಯಿತು.

ಉಲ್ಟಾ ಕಥೆಯೂ ಇದೆ. 2016ರ ಜೂನ್ ಕೊನೆಯಲ್ಲಿ ಬಂದ ಎಎಂಡಿಯ ಆರ್‌ಎಕ್ಸ್ 480 ಮದರ್‌ಬೋರ್ಡಿನ ಸ್ಲಾಟಿನಿಂದ ನಿಗದಿಯಾದ 75 ವಾಟ್‌ಗಿಂತ ಹೆಚ್ಚು ಎಳೆಯುತ್ತದೆ ಎಂದು ಪರೀಕ್ಷಕರು ಅಳೆದು ತೋರಿಸಿದರು. ಎರಡು ವಾರ ಕಳೆಯುವುದರೊಳಗೆ ಎಎಂಡಿ ಹೊಸ ಡ್ರೈವರ್ ಮೂಲಕವೇ ಆ ಹೊರೆಯನ್ನು ಬೇರೆ ಕಡೆಗೆ ಸರಿಸಿತು. ಬೆಸುಗೆ ಕಡ್ಡಿ ಮುಟ್ಟುವ ಅಗತ್ಯವೇ ಬರಲಿಲ್ಲ. 2020ರ ಸೆಪ್ಟೆಂಬರ್‌ನಲ್ಲಿ ಆರ್‌ಟಿಎಕ್ಸ್ 3080 ಕೊಂಡವರು ಕಂಡದ್ದೂ ಹೀಗೆಯೇ. ಕಾರ್ಡು ತಾನಾಗಿ 2 ಗಿಗಾಹರ್ಟ್ಸ್ ದಾಟಿ ಜಿಗಿದ ಕ್ಷಣ ಆಟ ಮುಚ್ಚಿ ಡೆಸ್ಕ್‌ಟಾಪ್ ಕಾಣುತ್ತಿತ್ತು. ಚಿಪ್ಪಿನ ಬೆನ್ನಿಗಿರುವ ಕೆಪಾಸಿಟರ್‌ಗಳು ಕಳಪೆ ಎಂಬ ಗುಲ್ಲೆದ್ದಿತು. ಇವಿಜಿಎ ಕಂಪನಿ, ಬಿಡುಗಡೆಗೆ ಮುಂಚೆಯೇ ತನ್ನ ಪರೀಕ್ಷೆಯಲ್ಲಿ ಈ ಸಮಸ್ಯೆ ಕಂಡು ಕೆಪಾಸಿಟರ್ ಜೋಡಣೆ ಬದಲಾಯಿಸಿದ್ದೆವೆಂದು ಹೇಳಿಯೂಬಿಟ್ಟಿತು. ಅಷ್ಟರಲ್ಲಿ ಎನ್ವಿಡಿಯಾದ 456.55 ಡ್ರೈವರ್ ಬಂತು. ಹೆಚ್ಚಿನವರ ತೊಂದರೆ ಅಲ್ಲಿಗೆ ನಿಂತಿತು.

ತೀರ ಈಚಿನದು 2025ರ ಆರ್‌ಟಿಎಕ್ಸ್ 50 ಸರಣಿ. ಜನವರಿ 30ರಂದು ಮಾರಾಟ ಶುರುವಾದ ಕಾರ್ಡುಗಳಲ್ಲಿ ಕೆಲವು ಕಪ್ಪು ಪರದೆ ತೋರಿಸಿ ಕೂತವು. ಒಂದರ ಹಿಂದೊಂದು ತೇಪೆ ಬಂದವು. ಏಪ್ರಿಲ್‌ನಲ್ಲಿ ಬಂದ 576.02 ಡ್ರೈವರ್ ಉದ್ದದ ಪಟ್ಟಿಯಷ್ಟು ದೋಷಗಳನ್ನು ತಿದ್ದಿತೇನೋ ನಿಜ. ಜೊತೆಗೆ ತನ್ನದೇ ಒಂದು ದೋಷ ತಂದಿತು. ಯಂತ್ರವನ್ನು ಸ್ಲೀಪ್‌ನಿಂದ ಎಬ್ಬಿಸಿದರೆ ಕಾರ್ಡಿನ ಉಷ್ಣಾಂಶ ತೋರಿಸುವ ಸಾಫ್ಟ್‌ವೇರ್‌ಗಳು ಹಳೆಯ ಅಂಕಿಯಲ್ಲೇ ನಿಂತುಬಿಡುತ್ತಿದ್ದವು. ಅದಕ್ಕೆ ಮತ್ತೊಂದು ತೇಪೆ. ಈ ಕಾರಣಕ್ಕೇ ಅನುಭವಸ್ಥರು ಹೊಸ ಡ್ರೈವರ್ ಬಂದ ದಿನವೇ ಹಾಕಿಕೊಳ್ಳುವುದಿಲ್ಲ. ನೆಟ್ಟಗೆ ನಡೆಯುತ್ತಿರುವ ಯಂತ್ರಕ್ಕೆ ತಿಂಗಳಿಗೊಂದು ಡ್ರೈವರ್ ಕುಡಿಸುವ ಚಟ ಒಳ್ಳೆಯದೂ ಅಲ್ಲ.

ಹಾಗಾದರೆ ಪತ್ತೆ ಹೇಗೆ? ನಮ್ಮ ಊರುಗಳ ಬಹಳಷ್ಟು ಕಂಪ್ಯೂಟರ್ ಅಂಗಡಿಗಳ ಮೊದಲ ಮದ್ದು ಒಂದೇ: ‘ಫಾರ್ಮ್ಯಾಟ್ ಹೊಡೆದುಬಿಡೋಣ ಸರ್.’ ಅದಕ್ಕಿಂತ ಕೆಟ್ಟ ಆರಂಭ ಇನ್ನೊಂದಿಲ್ಲ. ಫಾರ್ಮ್ಯಾಟ್ ಹೊಡೆದ ಕೂಡಲೇ ಸಾಕ್ಷಿಗಳೂ ಅಳಿಸಿಹೋಗುತ್ತವೆ. ಬಹುಪಾಲು ಕ್ರ್ಯಾಶ್‌ಗಳ ಹೆಜ್ಜೆಗುರುತು ವಿಂಡೋಸ್‌ನ ಈವೆಂಟ್ ವ್ಯೂವರ್‌ನಲ್ಲಿ ಗಂಟೆ, ನಿಮಿಷ, ಸೆಕೆಂಡಿನ ಸಮೇತ ಕೂತಿರುತ್ತದೆ. ಸ್ಟಾರ್ಟ್ ಮೆನುವಿನಲ್ಲಿ ಹೆಸರು ಟೈಪ್ ಮಾಡಿ ತೆರೆದು, ‘ವಿಂಡೋಸ್ ಲಾಗ್ಸ್’ ಒಳಗಿನ ‘ಸಿಸ್ಟಮ್’ ಭಾಗಕ್ಕೆ ಹೋಗಿ, ಪರದೆ ಕಪ್ಪಾದ ಹೊತ್ತಿನ ಸಾಲುಗಳನ್ನು ನೋಡಬೇಕು. ‘ಡಿಸ್‌ಪ್ಲೇ’ ಎಂಬ ಮೂಲದಿಂದ 4101 ಸಂಖ್ಯೆಯ ಸಾಲಿದ್ದರೆ ಅದು ಟಿಡಿಆರ್. ಹಿಂದೆ ಮುಂದೆ ಏನೂ ಇಲ್ಲದೆ ‘ಕರ್ನಲ್ ಪವರ್ 41’ ಒಂದೇ ಇದ್ದರೆ ಯಂತ್ರ ಹೇಳದೆ ಕೇಳದೆ ಆರಿಹೋಗಿದೆ ಎಂದರ್ಥ; ಆಗ ಕಣ್ಣು ಎಸ್‌ಎಂಪಿಎಸ್, ಕೇಬಲ್ಲು, ಯುಪಿಎಸ್ ಕಡೆ ಹೊರಳಬೇಕು. ‘ವಿಯಾ ಲಾಗರ್’ (WHEA-Logger) ಎಂಬ ಹೆಸರಿನಲ್ಲಿ ಸಾಲುಗಳು ಬಿದ್ದಿದ್ದರೆ ಹಾರ್ಡ್‌ವೇರ್ ತಾನೇ ಬಾಯಿಬಿಟ್ಟು ದೂರು ಹೇಳುತ್ತಿದೆ: ಪ್ರೊಸೆಸರೋ, ಕಾರ್ಡು ಕೂತಿರುವ ಸ್ಲಾಟಿನ ಸಂಪರ್ಕವೋ.

ಪರದೆಯಲ್ಲಿ ಕಾಣುವ ಲಕ್ಷಣಗಳೂ ಮಾತಾಡುತ್ತವೆ. ಬಣ್ಣದ ಚುಕ್ಕಿ, ಚೌಕಗಳು ವಿಂಡೋಸ್ ತೆರೆಯುವ ಮೊದಲೇ, ಬಯೋಸ್ ಪರದೆಯಲ್ಲೇ ಕಂಡರೆ ವಿಂಡೋಸ್ ಡ್ರೈವರನ್ನು ಬಯ್ಯುವಂತಿಲ್ಲ, ಅದು ಇನ್ನೂ ಎದ್ದೇ ಇರುವುದಿಲ್ಲ. ಬಹುಪಾಲು ಅದು ಕಾರ್ಡಿನ ಮೆಮೊರಿ ಚಿಪ್ಪಿನ ರೋಗ. ವಿಂಡೋಸ್ ಒಳಗೆ ಚುಕ್ಕಿಗಳು ಕಂಡರೆ ಒಂದು ಸ್ಕ್ರೀನ್‌ಶಾಟ್ ತೆಗೆದು ಮೊಬೈಲಿಗೆ ಕಳಿಸಿ ನೋಡಬಹುದು. ಮೊಬೈಲಿನಲ್ಲೂ ಚುಕ್ಕಿ ಇದ್ದರೆ ಚಿತ್ರ ತಯಾರಾಗುವಾಗಲೇ ಕೆಟ್ಟಿದೆ. ಮೊಬೈಲಿನಲ್ಲಿ ಚಿತ್ರ ಚೊಕ್ಕಟವಾಗಿದ್ದರೆ ಅನುಮಾನ ಮೊದಲು ಹೋಗಬೇಕಾದ್ದು ಎಚ್‌ಡಿಎಂಐ ಅಥವಾ ಡಿಸ್‌ಪ್ಲೇಪೋರ್ಟ್ ಕೇಬಲ್ ಮತ್ತು ಮಾನಿಟರ್ ಮೇಲೆ. ಐನೂರು ರೂಪಾಯಿಯ ಕೇಬಲ್ಲಿನ ತಪ್ಪಿಗೆ ಐವತ್ತು ಸಾವಿರದ ಕಾರ್ಡು ಬದಲಾಯಿಸಲು ಹೊರಡುವವರು ಕಡಿಮೆಯಿಲ್ಲ. ಇನ್ನು ಪರದೆ ಮಾತ್ರ ಕಪ್ಪಾಗಿ ಹಾಡು ಹಾಡುತ್ತಲೇ ಇದ್ದರೆ ವಿಂಡೋಸ್ ಕೀಲಿಯ ಜೊತೆ ಕಂಟ್ರೋಲ್, ಶಿಫ್ಟ್ ಮತ್ತು ಬಿ ಒತ್ತಬೇಕು. ಒಂದು ಬೀಪ್ ಕೇಳಿಸಿ ಡ್ರೈವರ್ ಮರುಪ್ರಾರಂಭವಾಗುತ್ತದೆ. ಸೇವ್ ಮಾಡದ ಫೈಲು ಎಷ್ಟೋ ಸಲ ಹೀಗೆ ಉಳಿದಿದೆ.

ಡ್ರೈವರ್ ಮೇಲೇ ಅನುಮಾನ ಗಟ್ಟಿಯಾದರೆ ಹೊಸದನ್ನು ಹಳೆಯದರ ಮೇಲೆ ಹೇರುವುದು ಅರೆಬರೆ ಕೆಲಸ. ಹಳೆಯ ಫೈಲುಗಳು, ರಿಜಿಸ್ಟ್ರಿಯ ನಮೂದುಗಳು ಉಳಿದುಕೊಂಡು ಕಾಡುತ್ತವೆ. ಅದರಲ್ಲೂ ಎನ್ವಿಡಿಯಾ ತೆಗೆದು ಎಎಂಡಿ ಹಾಕಿದವರನ್ನು. ಇದಕ್ಕಾಗಿಯೇ ‘ಡಿಸ್‌ಪ್ಲೇ ಡ್ರೈವರ್ ಅನ್‌ಇನ್‌ಸ್ಟಾಲರ್’ ಎಂಬ ಉಚಿತ ಸಾಫ್ಟ್‌ವೇರ್ ಇದೆ, ಬಲ್ಲವರು ಡಿಡಿಯು ಎನ್ನುತ್ತಾರೆ. ಬೇಕಾದ ಡ್ರೈವರನ್ನು ಕಂಪನಿಯ ತಾಣದಿಂದ ಮೊದಲೇ ಇಳಿಸಿಟ್ಟುಕೊಂಡು, ಇಂಟರ್ನೆಟ್ ಕೇಬಲ್ ಕಿತ್ತು ಅಥವಾ ವೈಫೈ ಆರಿಸಿ, ಸೇಫ್ ಮೋಡ್‌ನಲ್ಲಿ ಡಿಡಿಯು ಓಡಿಸಬೇಕು. ಇಂಟರ್ನೆಟ್ ಯಾಕೆ ಕೀಳಬೇಕು? ಡ್ರೈವರ್ ಇಲ್ಲದ ಕಾರ್ಡು ಕಂಡರೆ ವಿಂಡೋಸ್ ಅಪ್‌ಡೇಟಿಗೆ ತಡೆಯುವುದಿಲ್ಲ. ನಾವು ಹೊಸದನ್ನು ಕೂರಿಸುವಷ್ಟರಲ್ಲಿ ತನ್ನ ಉಗ್ರಾಣದ ಯಾವುದೋ ಹಳೆಯ ಡ್ರೈವರನ್ನು ತಂದು ತುರುಕುತ್ತದೆ, ಎರಡೂ ಒಂದರ ಮೇಲೊಂದು ಬಿದ್ದು ರಾಮಾಯಣವಾಗುತ್ತದೆ. ಮರುಪ್ರಾರಂಭವಾದಾಗ ಪರದೆಯ ಅಕ್ಷರಗಳು ದೊಡ್ಡದಾಗಿ, ಮಬ್ಬಾಗಿ ಕಂಡರೆ ಹೆದರಬೇಕಿಲ್ಲ. ಮೈಕ್ರೋಸಾಫ್ಟ್‌ನ ಮೂಲ ಡ್ರೈವರ್ ಕೆಲಸ ಮಾಡುತ್ತಿದೆ ಎಂದಷ್ಟೆ. ಇಳಿಸಿಟ್ಟ ಡ್ರೈವರ್ ಹಾಕಿ, ಆಮೇಲೆ ಇಂಟರ್ನೆಟ್ ಕೊಟ್ಟರಾಯಿತು. ಯಾವುದನ್ನು ಹಾಕಬೇಕು ಎಂಬ ಪ್ರಶ್ನೆಗೂ ಸರಳ ಉತ್ತರವಿದೆ: ತೊಂದರೆ ಶುರುವಾಗುವ ಮುಂಚೆ ಯಾವುದಿತ್ತೋ ಅದನ್ನು.

ರಿಜಿಸ್ಟ್ರಿಯಲ್ಲಿ ‘ಟಿಡಿಆರ್ ಡಿಲೇ’ ಎಂಬ ಬೆಲೆಯನ್ನು ಎರಡರಿಂದ ಹತ್ತಕ್ಕೋ ಅರವತ್ತಕ್ಕೋ ಏರಿಸಿ ಎನ್ನುವ ಸಲಹೆ ಯೂಟ್ಯೂಬಿನಲ್ಲಿ ಧಾರಾಳವಾಗಿ ಸಿಗುತ್ತದೆ. ತ್ರಿ-ಆಯಾಮ ಚಿತ್ರಕಾರರಿಗೆ ಅದು ಸರಿಯೇ. ಸಬ್‌ಸ್ಟೆನ್ಸ್ ಪೇಂಟರ್‌ನಂಥ ಸಾಫ್ಟ್‌ವೇರ್ ಒಂದೇ ಲೆಕ್ಕಕ್ಕೆ ಎರಡು ಸೆಕೆಂಡಿಗಿಂತ ಹೆಚ್ಚು ತೆಗೆದುಕೊಳ್ಳಬಹುದಾದ್ದರಿಂದ ಅದರ ತಯಾರಕರೇ ಹಾಗೆ ಸೂಚಿಸುತ್ತಾರೆ. ಆಟ ಆಡುವಾಗ ಬೀಳುವ ಕಾರ್ಡಿಗೆ ಅದರಿಂದ ಪ್ರಯೋಜನವಿಲ್ಲ. ಎರಡು ಸೆಕೆಂಡು ಸ್ತಬ್ಧವಾಗಿ ಕಪ್ಪಾಗುತ್ತಿದ್ದ ಪರದೆ ಹತ್ತು ಸೆಕೆಂಡು ಕಲ್ಲಾಗಿ ನಿಲ್ಲುತ್ತದೆ, ಅಷ್ಟೇ.

ಇನ್ನು ವಿದ್ಯುತ್ತು. ಭಾರತದ ಮನೆಗಳಲ್ಲಿ ಡ್ರೈವರ್‌ಗಿಂತ ಮೊದಲು ಇದನ್ನೇ ವಿಚಾರಿಸುವುದು ಲೇಸು. ನಮ್ಮಲ್ಲಿ ಡೆಸ್ಕ್‌ಟಾಪ್ ಜೊತೆ ಕಣ್ಣು ಮುಚ್ಚಿ ಕೊಳ್ಳುವ 600 ವಿಎ ಯುಪಿಎಸ್ ನಿಜವಾಗಿ ಕೊಡಬಲ್ಲದ್ದು ಸುಮಾರು 360 ವಾಟ್. ಆರ್‌ಟಿಎಕ್ಸ್ 3080 ಒಂದೇ 320 ವಾಟ್‌ನ ಕಾರ್ಡು, 4090 ಆದರೆ 450, 5090ಕ್ಕೆ 575. ಅದರ ಮೇಲೆ ಪ್ರೊಸೆಸರು, ಮಾನಿಟರು. ಬ್ರೌಸರ್ ತೆರೆದು ಕೂತಾಗ ಇದ್ಯಾವುದೂ ಗೊತ್ತಾಗುವುದಿಲ್ಲ. ಆಟ ಬಿಸಿಯೇರಿದ ಹೊತ್ತಿಗೆ ಕರೆಂಟು ಒಮ್ಮೆ ಮಿಣುಕಿದರೆ ಯುಪಿಎಸ್ ಕೈಚೆಲ್ಲುತ್ತದೆ, ಯಂತ್ರ ಆರುತ್ತದೆ, ಬೈಗುಳ ಕಾರ್ಡಿಗೆ.

ಡಬ್ಬಿಯ ಮೇಲೆ ಬರೆದ ವಾಟ್ ಕೂಡ ಸರಾಸರಿಯ ಲೆಕ್ಕ. ಇಂದಿನ ಕಾರ್ಡುಗಳು ಸೆಕೆಂಡಿನ ಸಾವಿರದಲ್ಲೊಂದು ಭಾಗಕ್ಕೂ ಕಡಿಮೆ ಹೊತ್ತು ಅದರ ಎರಡು ಪಟ್ಟಿನವರೆಗೂ ಹಾರಿ ಇಳಿಯಬಲ್ಲವು. ಹಳೆಯ ಎಸ್‌ಎಂಪಿಎಸ್ ಅದನ್ನು ಶಾರ್ಟ್ ಸರ್ಕ್ಯೂಟ್ ಎಂದು ತಿಳಿದು ಬಾಗಿಲು ಹಾಕಿಕೊಳ್ಳುತ್ತದೆ. ಅದಕ್ಕೇ 2022ರಲ್ಲಿ ಬಂದ ಎಟಿಎಕ್ಸ್ 3.0 ನಿಯಮಾವಳಿ, ದೊಡ್ಡ ಎಸ್‌ಎಂಪಿಎಸ್‌ಗಳು ತಮ್ಮ ಸಾಮರ್ಥ್ಯದ ಇಮ್ಮಡಿ ಹೊರೆಯನ್ನು 100 ಮೈಕ್ರೋಸೆಕೆಂಡ್ ತಾಳಿಕೊಳ್ಳಬೇಕು ಎಂದು ವಿಧಿಸಿತು. ಹಳೆಯ ಎಸ್‌ಎಂಪಿಎಸ್ ಇದ್ದವರು ಕಾರ್ಡಿಗೆ ಒಂದೇ ಕೇಬಲ್ಲಿನ ಎರಡು ಕವಲು ಚುಚ್ಚುವ ಬದಲು ಎರಡು ಬೇರೆ ಬೇರೆ ಕೇಬಲ್ ಎಳೆದರೆ ಎಷ್ಟೋ ಸಲ ಕಾಟ ಅಲ್ಲಿಗೇ ಮುಗಿಯುತ್ತದೆ. ಒಂದೊಂದು ಎಂಟು ಪಿನ್ನಿನ ಜೋಡಣೆಗೂ 150 ವಾಟ್ ಎಂಬ ಮಿತಿಯಿದೆ. ಹೊಸ 16 ಪಿನ್ನಿನ ಜೋಡಣೆಯಂತೂ ಪೂರ್ತಿ ಒಳಹೋಗದಿದ್ದರೆ ಕಾದು ಕರಗುತ್ತದೆ. 2022ರ ಕೊನೆಯಲ್ಲಿ 4090 ಕಾರ್ಡುಗಳಲ್ಲಿ ಆದದ್ದು ಹಾಗೆ ಎಂದು ಎನ್ವಿಡಿಯಾ ಹೇಳಿತು. ಬರಿಗಾಲಲ್ಲಿ ನಿಂತು ಕ್ಯಾಬಿನೆಟ್ ಮುಟ್ಟಿದಾಗ ಬೆರಳು ಜುಮ್ಮೆಂದರೆ ಮನೆಯಲ್ಲಿ ಅರ್ಥಿಂಗ್ ಸರಿಯಿಲ್ಲ. ಮೊದಲು ಎಲೆಕ್ಟ್ರಿಷಿಯನ್‌ಗೆ ಫೋನು, ಕಂಪ್ಯೂಟರ್ ಅಂಗಡಿಗೆ ಆಮೇಲೆ.

ಬಿಸಿಯ ಪರೀಕ್ಷೆ ಸುಲಭ. ಎಚ್‌ಡಬ್ಲ್ಯೂಇನ್ಫೋ ಅಥವಾ ಜಿಪಿಯು-ಝಡ್ ತೆರೆದಿಟ್ಟು ಆಟ ಆಡುತ್ತ ಕಾರ್ಡಿನ ಉಷ್ಣಾಂಶ ನೋಡಬೇಕು, ‘ಹಾಟ್‌ಸ್ಪಾಟ್’ ಎಂಬ ಸಾಲನ್ನೂ ಸೇರಿಸಿ. ಸರಾಸರಿ 70 ಡಿಗ್ರಿ ಇದ್ದು ಹಾಟ್‌ಸ್ಪಾಟ್ 105 ದಾಟುತ್ತಿದ್ದರೆ ಥರ್ಮಲ್ ಪೇಸ್ಟ್ ಒಣಗಿದೆ ಅಥವಾ ಕೂಲರ್ ಚಿಪ್ಪಿನ ಮೇಲೆ ಸಮನಾಗಿ ಕೂತಿಲ್ಲ. ಎಎಂಡಿಯ ಆರ್‌ಎಕ್ಸ್ 7900 ಎಕ್ಸ್‌ಟಿಎಕ್ಸ್‌ನ ಒಂದು ಕಂತು 110 ಡಿಗ್ರಿ ಮುಟ್ಟಿದಾಗ ಕಾರಣ ಇನ್ನೂ ಸ್ವಾರಸ್ಯವಾಗಿತ್ತು. ಕೂಲರಿನೊಳಗೆ ಆವಿಯಾಗಿ ಬಿಸಿ ಒಯ್ಯಬೇಕಾದ ನೀರನ್ನೇ ಕಾರ್ಖಾನೆಯಲ್ಲಿ ಕಡಿಮೆ ತುಂಬಿದ್ದರು. ಡ್ರೈವರ್ ಎಷ್ಟು ಬದಲಾಯಿಸಿದರೇನು?

ಬೆಂಗಳೂರಿನ ಎಸ್‌.ಪಿ. ರಸ್ತೆಯಲ್ಲಿ ಕೈ ಪಳಗಿದ ರಿಪೇರಿಯವರು ಇದ್ಯಾವುದಕ್ಕೂ ಮುಂಚೆ ಕಾರ್ಡನ್ನು ಬಿಚ್ಚಿ, ಬ್ಲೋವರ್‌ನಿಂದ ಧೂಳು ಹಾರಿಸಿ, ಸ್ಲಾಟಿಗೆ ಕೂರುವ ಹೊಂಬಣ್ಣದ ಹಲ್ಲುಗಳನ್ನು ಶಾಲೆಯ ರಬ್ಬರಿನಿಂದ ಮೆಲ್ಲಗೆ ಉಜ್ಜಿ ಮತ್ತೆ ಕೂರಿಸುತ್ತಾರೆ. ನೋಡಿದವರಿಗೆ ಇದು ಮಂತ್ರ ಹಾಕಿದಂತೆ ಕಂಡರೂ ಅದರಲ್ಲಿ ಅರ್ಥವಿದೆ. ಎರಡು ಕಿಲೋಗೂ ಮಿಕ್ಕಿ ತೂಗುವ ಕಾರ್ಡುಗಳು ಬಂದಿವೆ. ಅಡ್ಡ ಕೂತ ಕಾರ್ಡು ತನ್ನ ಭಾರಕ್ಕೇ ಬಾಗಿ ಸ್ಲಾಟಿನ ಸಂಪರ್ಕ ಸಡಿಲವಾಗುತ್ತದೆ. ಅಡಿಗೊಂದು ಊರುಗೋಲು ಕೊಟ್ಟರೆ ಎಷ್ಟೋ ‘ಡ್ರೈವರ್ ಕ್ರ್ಯಾಶ್’ಗಳು ನಿಲ್ಲುತ್ತವೆ. ಅದೇ ಊರಿನಲ್ಲಿ ಎಎಂಡಿ ತನ್ನ ಜಗತ್ತಿನ ಅತಿ ದೊಡ್ಡ ವಿನ್ಯಾಸ ಕೇಂದ್ರವನ್ನು 2023ರ ನವೆಂಬರ್‌ನಲ್ಲಿ ತೆರೆಯಿತು; ಎನ್ವಿಡಿಯಾ, ಇಂಟೆಲ್ ಎಂಜಿನಿಯರುಗಳೂ ಅಲ್ಲಿ ದೊಡ್ಡ ಸಂಖ್ಯೆಯಲ್ಲಿದ್ದಾರೆ. ಅವರ ಕ್ಯಾಂಪಸ್ಸಿನಲ್ಲೂ ಹೊಸ ಕಾರ್ಡು ಪರೀಕ್ಷಿಸುವಾಗ ಯಾರಾದರೂ ಒಮ್ಮೆ ರಬ್ಬರ್ ಹುಡುಕಿರಬಹುದೇನೋ.

ನಿಜವಾಗಿ ಕಾರ್ಡೇ ಸತ್ತ ಪ್ರಕರಣಗಳೂ ಇವೆ. 2008ರ ಜುಲೈನಲ್ಲಿ ಎನ್ವಿಡಿಯಾ ತನ್ನ ಲ್ಯಾಪ್‌ಟಾಪ್ ಚಿಪ್ಪುಗಳ ದೋಷಕ್ಕಾಗಿ 15ರಿಂದ 20 ಕೋಟಿ ಡಾಲರ್ ತೆಗೆದಿಡುವುದಾಗಿ ಹೇಳಿತು. ಕಾಯುವುದು, ಆರುವುದು ನಡೆದಂತೆಲ್ಲ ಚಿಪ್ಪಿನಡಿಯ ಬೆಸುಗೆ ಗುಂಡುಗಳು ಬಿರುಕು ಬಿಡುತ್ತಿದ್ದವು. ಕಾರ್ಡನ್ನು ಅಡುಗೆಯ ಓವನ್ನಿನಲ್ಲಿ ಬೇಯಿಸಿ ಬದುಕಿಸುವ ಸಾಹಸ ಜನಪ್ರಿಯವಾದದ್ದು ಆ ಕಾಲದಲ್ಲೇ. ಅದು ಸಾಮಾನ್ಯವಾಗಿ ಸ್ವಲ್ಪ ಕಾಲ ನಡೆದು ಮತ್ತೆ ಮಲಗುತ್ತದೆ, ಓವನ್ನಿಗೂ ಬೋರ್ಡಿನ ರಾಸಾಯನಿಕಗಳ ಹೊಗೆ ಮೆತ್ತುತ್ತದೆ. 2022ರ ಸೆಪ್ಟೆಂಬರ್‌ನಲ್ಲಿ ಇಥೀರಿಯಂ ಗಣಿಗಾರಿಕೆ ನಿಂತ ಮೇಲೆ ಸೆಕೆಂಡ್‌ಹ್ಯಾಂಡ್ ಪೇಟೆಗೆ ಹರಿದುಬಂದ ಕಾರ್ಡುಗಳನ್ನು ಕೊಂಡವರು ಒಂದು ವಿಷಯ ನೋಡಿಕೊಳ್ಳಬೇಕು. ಗಣಿಗಾರರು ಕೆಲವೊಮ್ಮೆ ಕಾರ್ಡಿನ ಬಯೋಸ್ ತಿದ್ದಿರುತ್ತಾರೆ. ಮೂಲ ಬಯೋಸ್ ಮರಳಿ ಹಾಕುವವರೆಗೆ ಅಂಥವುಗಳಲ್ಲಿ ಎಷ್ಟೋ ಸಲ ಡ್ರೈವರ್ ಕೂರುವುದೇ ಇಲ್ಲ, ಕೂತರೂ ನಿಲ್ಲುವುದಿಲ್ಲ.

ಅಂಗಡಿಗೆ ಒಯ್ಯುವ ಮುನ್ನ ಉಳಿಯುವುದು ಎರಡೇ ಕೆಲಸ. ಎಂಎಸ್‌ಐ ಆಫ್ಟರ್‌ಬರ್ನರ್‌ನಲ್ಲಿ ಪವರ್ ಲಿಮಿಟ್ ಅನ್ನು ಶೇ 80ಕ್ಕೆ ಇಳಿಸಿ ಅದೇ ಆಟ ಆಡಿ ನೋಡುವುದು; ಆಗ ಕ್ರ್ಯಾಶ್ ನಿಂತರೆ ತೊಂದರೆ ವಿದ್ಯುತ್ತಿನದ್ದೋ ಬಿಸಿಯದ್ದೋ ಇರಬೇಕು. ಆಮೇಲೆ ಕಾರ್ಡನ್ನು ಬಿಚ್ಚಿ, ಬೇರೆ ಎಸ್‌ಎಂಪಿಎಸ್ ಇರುವ ಗೆಳೆಯರ ಯಂತ್ರದಲ್ಲಿ ಹಾಕಿ ಅದೇ ಆಟವನ್ನು ಗಂಟೆಗಟ್ಟಲೆ ಓಡಿಸುವುದು. ಅಲ್ಲೂ ಬಿದ್ದರೆ ಬಿಲ್ಲು, ಡಬ್ಬಿ, ಸೀರಿಯಲ್ ನಂಬರಿನ ಫೋಟೊ, ಜೊತೆಗೆ ಪರದೆ ಕಪ್ಪಾಗುವ ಮೊಬೈಲ್ ವಿಡಿಯೊ ಹಿಡಿದು ಸರ್ವಿಸ್ ಸೆಂಟರಿಗೆ ಹೋಗಬೇಕು. ವಿಡಿಯೊ ಯಾಕೆಂದರೆ ಅಲ್ಲಿ ಹತ್ತು ನಿಮಿಷ ಓಡಿಸಿ ‘ಚೆನ್ನಾಗಿದೆಯಲ್ಲ ಸರ್’ ಎಂದು ವಾಪಸು ಕೊಡುವ ಸಾಧ್ಯತೆಯೇ ಹೆಚ್ಚು. ಗೆಳೆಯರ ಯಂತ್ರದಲ್ಲಿ ಕಾರ್ಡು ತಂಟೆಯಿಲ್ಲದೆ ನಡೆದರೆ ವಾರಂಟಿಯ ಮಾತು ಬಿಟ್ಟು ಎಸ್‌ಎಂಪಿಎಸ್‌ನಿಂದ ಹುಡುಕಾಟ ಶುರುಮಾಡಬೇಕು, ಅಲ್ಲಿಯೂ ಸಿಗದಿದ್ದರೆ ರ‍್ಯಾಮ್, ಕೊನೆಗೆ ಪ್ರೊಸೆಸರ್.